ಗುಣವಾಯಿತೆಂದು ಹೇಳಬೇಕಾದವರು ಯಾರು?

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ಗುಬ್ಬಿ ಸೀಮೆಯ ಕಡಬ ಕೆರೆಗೂ ತುರುವೇಕೆರೆಯ ಮಲ್ಲಾಘಟ್ಟ ಕೆರೆಗೂ ನೀರುಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ಸೇರುತ್ತದೆ. ಈ ನೀರಿನ ದಾರಿಯುದ್ದಕ್ಕೂ ತೆಂಗು, ಅಡಿಕೆ, ರಾಗಿ ನಂಬಿದ ಊರುಗಳಿವೆ. ಅಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಬಂದರೆ ಮನೆಯವರು ಹಿಡಿಯುವ ದಾರಿಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ. ಮೊದಲು ಮನೆದೇವರಿಗೆ ಹರಕೆ, ಶಾಸ್ತ್ರ ಕೇಳುವುದು, ತಾಯತ. ಕೆಲವರು ದುರ್ಗದ ನರಸಿಂಹನ ಮೆಟ್ಟಿಲು ಹತ್ತುತ್ತಾರೆ. ಆಮೇಲೆ ತಾಲ್ಲೂಕು ಆಸ್ಪತ್ರೆ, ತುಮಕೂರಿನ ಜಿಲ್ಲಾಸ್ಪತ್ರೆ. ಅಲ್ಲಿಂದಾಚೆಗೆ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರು, ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್.

ಇಷ್ಟು ಓಡಾಟದಲ್ಲಿ ರೋಗಿಯ ಹೆಸರು ಹಲವು ರಿಜಿಸ್ಟರುಗಳಲ್ಲಿ ದಾಖಲಾಗುತ್ತದೆ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಮುಂದಿನ ತಾರೀಕು ಎಲ್ಲವೂ ಚೀಟಿಯಲ್ಲಿರುತ್ತವೆ. ಆದರೆ ಈ ಚಿಕಿತ್ಸೆಯಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಯಿತು, ಇಲ್ಲಿ ನಿಮ್ಮನ್ನು ಹೇಗೆ ನಡೆಸಿಕೊಂಡರು ಎಂಬ ಎರಡು ಪ್ರಶ್ನೆಗಳನ್ನು ರೋಗಿಗೇ ಕೇಳಿ, ಉತ್ತರ ಬರೆದಿಟ್ಟುಕೊಂಡು, ಅದರಂತೆ ಚಿಕಿತ್ಸೆ ತಿದ್ದಿಕೊಳ್ಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಮೊದಲನೆಯದು ಫಲಿತಾಂಶದ ಪ್ರಶ್ನೆ, ಎರಡನೆಯದು ಅನುಭವದ ಪ್ರಶ್ನೆ. ಇವನ್ನು ಅಳೆಯಬಹುದೇ, ಅಳೆದವರು ಏನು ಕಂಡುಕೊಂಡರು, ತುಮಕೂರಿನಂಥ ಜಿಲ್ಲೆಯಲ್ಲಿ ಏನು ಮಾಡಬಹುದು ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಲೆಕ್ಕಕ್ಕೆ ಸಿಕ್ಕಿದ್ದು

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಸಮೀಕ್ಷೆಯ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆ ಇದ್ದವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗೇ ಇದ್ದರು. ಆ ದೊಡ್ಡ ಕಂದರವನ್ನು ತುಂಬುವುದೇ ಅಂದಿನಿಂದ ಎಲ್ಲ ಕಾರ್ಯಕ್ರಮಗಳ ಮೊದಲ ಗುರಿಯಾಗಿದೆ, ಆಗಬೇಕಾದದ್ದೂ ಸರಿಯೇ.

ಕರ್ನಾಟಕ ಈ ದಿಕ್ಕಿನಲ್ಲಿ ಹಿಂದೆ ಬಿದ್ದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ಆರಂಭವಾದ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೇ ಬರುವ ವ್ಯವಸ್ಥೆಯಾಯಿತು. 2020ರಲ್ಲಿ ‘ಇ-ಮನಸ್’ ಎಂಬ ಗಣಕೀಕೃತ ದಾಖಲೆ ವ್ಯವಸ್ಥೆ ಬಂತು. 2022ರ ಅಕ್ಟೋಬರ್ 10ರಂದು 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿ ಸೇವೆ ದೇಶದಾದ್ಯಂತ ಶುರುವಾಯಿತು. ಅದರ ಕೇಂದ್ರಬಿಂದುವೂ ನಿಮ್ಹಾನ್ಸೇ.

ಇಂಥ ಕಾರ್ಯಕ್ರಮಗಳ ವರದಿಗಳಲ್ಲಿ ಸಹಜವಾಗಿ ಎದ್ದು ಕಾಣುವುದು ಎಷ್ಟು ಹೊಸ ರೋಗಿಗಳು ಬಂದರು, ಎಷ್ಟು ಮಂದಿ ಮರಳಿ ಬಂದರು, ಎಷ್ಟು ಶಿಬಿರ ನಡೆದವು, ಎಷ್ಟು ಕರೆ ಬಂದವು ಎಂಬ ಲೆಕ್ಕ. ಇವೆಲ್ಲ ಸೇವೆ ಎಷ್ಟು ದೂರ ತಲುಪಿತೆಂದು ಹೇಳುತ್ತವೆ. ತಲುಪಿದ ಮೇಲೆ ಏನಾಯಿತೆಂದು ಹೇಳುವುದಿಲ್ಲ. ತಿಂಗಳು ತಿಂಗಳೂ ತಪ್ಪದೆ ಮಾತ್ರೆ ಒಯ್ಯುವ ಒಬ್ಬ ತರುಣ ವರದಿಯಲ್ಲಿ ಯಶಸ್ಸಾಗಿ ಕಾಣಿಸುತ್ತಾನೆ. ಅವನು ಮಾತ್ರೆಯ ಮಂಪರಿನಲ್ಲಿ ಮಧ್ಯಾಹ್ನದವರೆಗೂ ಏಳಲಾರದೆ, ತೋಟದ ಕೆಲಸಕ್ಕೆ ಹೋಗಲಾರದೆ, ನೆಂಟರ ಮದುವೆಗೆ ಕರೆಯಿಲ್ಲದೆ ಉಳಿದಿದ್ದರೆ ಆ ಸಂಗತಿಗೆ ಅಲ್ಲಿ ಅಂಕಣವಿಲ್ಲ.

ಕೋಟದಿಂದ ತುರುವೇಕೆರೆಗೆ

ಹಾಗೆಂದು ಇದನ್ನು ಅಳೆಯುವ ಪ್ರಯತ್ನವೇ ನಮ್ಮಲ್ಲಿ ನಡೆದಿಲ್ಲವೆನ್ನಲಾಗದು. ಕನ್ನಡ ನಾಡಿನ ಹಳ್ಳಿಗಳಲ್ಲಿ ಐದು ದಶಕಗಳ ಗಂಭೀರ ಕೆಲಸವಿದೆ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ವಿದೇಶಿ ಪ್ರಶ್ನಾವಳಿಯನ್ನು ಹಾಗೇ ತಂದು ಕೇಳುವ ಬದಲು ಇಲ್ಲಿನ ಜನ ಸಂಕಟವನ್ನು ಹೇಳಿಕೊಳ್ಳುವ ಬಗೆಗೆ ಹೊಂದುವ ಸಂದರ್ಶನ ಪಟ್ಟಿಯನ್ನು ಅವರು ಸಿದ್ಧಪಡಿಸಿದರು. ಲಕ್ಷಣಗಳ ಜೊತೆಗೇ, ಆ ವ್ಯಕ್ತಿ ಮನೆಯಲ್ಲೂ ಊರಲ್ಲೂ ತನ್ನ ಪಾಲಿನ ಕೆಲಸಗಳನ್ನು ಹೇಗೆ ನಿಭಾಯಿಸುತ್ತಿದ್ದಾನೆ ಎಂಬುದನ್ನೂ ಕೇಳಿದರು. ರೋಗವನ್ನು ಬದುಕಿನ ನಡುವೆ ಇಟ್ಟು ನೋಡುವ ಈ ಕ್ರಮ ಮುಂದಿನ ಕೆಲಸಗಳಿಗೆ ದಾರಿ ತೋರಿತು.

ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕದ ಎಂಟು ಗ್ರಾಮೀಣ ಸಮುದಾಯಗಳಲ್ಲಿ ನಡೆದದ್ದು. ಅದುವರೆಗೆ ಚಿಕಿತ್ಸೆಯನ್ನೇ ಕಾಣದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಗುರುತಿಸಿ, ಊರಲ್ಲೇ ಚಿಕಿತ್ಸೆ ಕೊಟ್ಟು, ಒಂದೂವರೆ ವರ್ಷ ಗಮನಿಸಿದರು. ಲಕ್ಷಣಗಳು ಇಳಿದವು, ದೈನಂದಿನ ಅಸಾಮರ್ಥ್ಯ ತಗ್ಗಿತು, ಮನೆಯವರ ಹೊರೆ ಕಡಿಮೆಯಾಯಿತು. ಚಿಕಿತ್ಸೆಗೆ ತಗುಲಿದ ವೆಚ್ಚವನ್ನು ಮನೆಯವರು ಆರೈಕೆಗೆ ಸುರಿಯುತ್ತಿದ್ದ ಸಮಯ ಮತ್ತು ಬೇರೆಡೆಯ ಖರ್ಚಿನಲ್ಲಾದ ಉಳಿತಾಯದ ಜೊತೆ ತೂಗಿ ನೋಡಿದ್ದು ಈ ಅಧ್ಯಯನದ ಹೆಚ್ಚುಗಾರಿಕೆ. ಒಬ್ಬರು ಹುಷಾರಾದರೆ ಮನೆಯಲ್ಲಿ ಇನ್ನೊಬ್ಬರು ಕೂಲಿಗೆ ಹೋಗಬಹುದು, ಅದೂ ಫಲಿತಾಂಶವೇ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಜಗದೀಶ ತೀರ್ಥಹಳ್ಳಿ, ಬಿ. ಎನ್. ಗಂಗಾಧರ ಮುಂತಾದ ನಿಮ್ಹಾನ್ಸ್ ವೈದ್ಯರ ತಂಡ ಆರಂಭಿಸಿದ ಸಮುದಾಯ ಕಾರ್ಯಕ್ರಮ ಇನ್ನೊಂದು ಹೆಜ್ಜೆ. ಚಿಕಿತ್ಸೆಯಲ್ಲಿ ಮುಂದುವರಿದವರನ್ನೂ ಚಿಕಿತ್ಸೆ ಇಲ್ಲದೆ ಉಳಿದವರನ್ನೂ ಒಂದು ವರ್ಷದ ಬಳಿಕ ಹೋಲಿಸಿದಾಗ, ಮೊದಲ ಗುಂಪಿನ ಅಸಾಮರ್ಥ್ಯ ಗಮನಾರ್ಹವಾಗಿ ಇಳಿದಿತ್ತು. ಎರಡನೆಯ ಗುಂಪಿನದು ಇದ್ದಲ್ಲೇ ಇತ್ತು. ಔಷಧಿ ಕೊಡುವುದು ಸುಮ್ಮನೆ ಗದ್ದಲ ಅಡಗಿಸಲು ಎಂಬ ಅನುಮಾನಕ್ಕೆ ಊರಿನಿಂದಲೇ ಸಿಕ್ಕ ಉತ್ತರವಿದು.

ಅದೇ ತಂಡದ ಕೆಲಸ ಮುಂದೆ ತುಮಕೂರು ಜಿಲ್ಲೆಯ ತುರುವೇಕೆರೆಗೆ ಬಂತು. ಸಿ. ನವೀನ್ ಕುಮಾರ್ ಮತ್ತಿತರರು ಅಲ್ಲಿ ಸ್ಕಿಜೋಫ್ರೀನಿಯಾ ಇರುವವರ ಜೊತೆಗೆ ಅವರನ್ನು ನೋಡಿಕೊಳ್ಳುವ ಮನೆಯವರನ್ನೂ ಅಧ್ಯಯನಕ್ಕೆ ತೆಗೆದುಕೊಂಡರು. ರೋಗಿಯ ಅಸಾಮರ್ಥ್ಯಕ್ಕೂ ಮನೆಯವರ ಹೊರೆಗೂ ನೇರ ಸಂಬಂಧವಿದೆ ಎಂಬುದು ಅವರು ಕಂಡುಕೊಂಡ ಸತ್ಯ. ಮನೆಯೊಳಗಿನ ಭಾರ ನಿರ್ಧಾರವಾಗುವುದು ರೋಗಿಗೆ ಧ್ವನಿ ಕೇಳಿಸುತ್ತದೆಯೋ ಇಲ್ಲವೋ ಎಂಬುದೊಂದರಿಂದಲೇ ಅಲ್ಲ. ಅವರು ತಾವೇ ಸ್ನಾನ ಮಾಡುತ್ತಾರೆಯೇ, ಕೊಟ್ಟಿಗೆ ಬಾಚುತ್ತಾರೆಯೇ, ಡೈರಿಗೆ ಹಾಲು ಹಾಕಿ ಬರುತ್ತಾರೆಯೇ, ನಾಲ್ಕು ಜನರ ಜೊತೆ ಮಾತಾಡುತ್ತಾರೆಯೇ ಎಂಬುದೂ ಅದನ್ನು ತೀರ್ಮಾನಿಸುತ್ತದೆ. ಹಾಗಾಗಿ ಲಕ್ಷಣವೊಂದನ್ನೇ ಅಳೆದು ನಿಲ್ಲಿಸಿದರೆ ಲೆಕ್ಕ ಅಪೂರ್ಣ.

ಒಂದು ಮಾಪಕ, ಎರಡು ಕೆಲಸ

ತೀರ್ಥಹಳ್ಳಿ, ತುರುವೇಕೆರೆಗಳ ಅಧ್ಯಯನಗಳಲ್ಲಿ ಅಸಾಮರ್ಥ್ಯವನ್ನು ಅಳೆಯಲು ಬಳಸಿದ ಮಾಪಕ ‘ಐಡಿಯಾಸ್’. ಭಾರತೀಯ ಮನೋವೈದ್ಯರ ಸಂಘದ ಸಮಿತಿ ಇದನ್ನು ರೂಪಿಸಿತು. 2002ರಲ್ಲಿ ಕೇಂದ್ರ ಸರ್ಕಾರ ಅಧಿಕೃತಗೊಳಿಸಿತು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಭಾಗಗಳಿಗೆ ತಲಾ ಸೊನ್ನೆಯಿಂದ ನಾಲ್ಕು ಅಂಕ. ಕಾಯಿಲೆಯ ಅವಧಿಗೆ ಒಂದರಿಂದ ನಾಲ್ಕು ಅಂಕ. ಒಟ್ಟು ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಶೇ. 40 ಅಥವಾ ಹೆಚ್ಚು ವೈಕಲ್ಯವೆಂದು ಎಣಿಕೆ. ದುಡಿಮೆಗೆ ಹೋಗುವವರಿಗೆ, ಮನೆಗೆಲಸ ನೋಡುವವರಿಗೆ, ಓದುವವರಿಗೆ ಕೆಲಸದ ವಿಭಾಗವನ್ನು ಬೇರೆ ಬೇರೆಯಾಗಿ ನೋಡುವುದು ಇದರ ಒಳ್ಳೆಯ ಗುಣ. ಸಂಬಳ ತರದ ಹೆಂಗಸಿನ ಕೆಲಸವೂ ಕೆಲಸವೆಂದು ಅದು ಒಪ್ಪುತ್ತದೆ.

ಆದರೆ ಇದೇ ಅಂಕ ವೈಕಲ್ಯದ ಪ್ರಮಾಣಪತ್ರಕ್ಕೂ, ಅದರಿಂದ ಮಾಸಾಶನ ಮತ್ತಿತರ ಸೌಲಭ್ಯಗಳಿಗೂ ಆಧಾರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇ. 40 ಎಂಬುದು ಸೌಲಭ್ಯದ ಹೊಸ್ತಿಲು. ಅಲ್ಲಿಗೆ ಒಂದೇ ಮಾಪಕಕ್ಕೆ ಎರಡು ಕೆಲಸ ಬಿತ್ತು. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಅಂಕ ಇಳಿಯಬೇಕು; ಮಾಸಾಶನ ಉಳಿಯಲು ಅಂಕ ಇಳಿಯಬಾರದು. ಬಡ ಕುಟುಂಬವೊಂದು ಈ ಇಕ್ಕಟ್ಟಿನಲ್ಲಿ ಹೇಗೆ ಉತ್ತರಿಸೀತೆಂದು ಊಹಿಸುವುದು ಕಷ್ಟವಲ್ಲ, ಅದಕ್ಕಾಗಿ ಅವರನ್ನು ದೂರುವುದು ನ್ಯಾಯವೂ ಅಲ್ಲ. ಚಿಕಿತ್ಸೆಯ ಫಲವನ್ನು ತಿಳಿಯುವ ಮಾತುಕತೆಯನ್ನು ಸೌಲಭ್ಯದ ಪರೀಕ್ಷೆಯಿಂದ ಬೇರ್ಪಡಿಸಬೇಕು. ಹೇಳಿದ ಸತ್ಯಕ್ಕೆ ದಂಡ ತೆರಬೇಕಾಗಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಜನ ಸತ್ಯ ಹೇಳುತ್ತಾರೆ.

ರೋಗಿಯ ಬಾಯಿಂದ

ಐಡಿಯಾಸ್ ಅಂಕ ಹಾಕುವವರು ವೈದ್ಯರು ಅಥವಾ ತರಬೇತಿ ಪಡೆದವರು. ರೋಗಿಯೇ ತನ್ನ ಸ್ಥಿತಿಯನ್ನು ಹೇಳುವ ಪ್ರಶ್ನಾವಳಿಗಳ ಪರಂಪರೆ ಬೇರೆಯದು. ಅವುಗಳಲ್ಲಿ ಹೆಚ್ಚು ಹರಡಿರುವುದು ಖಿನ್ನತೆಗೆ ಬಳಸುವ ಒಂಬತ್ತು ಪ್ರಶ್ನೆಗಳ ‘ಪಿಎಚ್‌ಕ್ಯೂ-9’. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಊಟ, ಆಯಾಸ ಹೇಗಿದ್ದವೆಂದು ಕೇಳಿ 0ಯಿಂದ 27ರವರೆಗೆ ಅಂಕ ಕೊಡುತ್ತದೆ. ಕನ್ನಡ ರೂಪವೂ ಇದೆ. ಅದರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಆ ಪ್ರಶ್ನೆಯನ್ನು ಕೇಳಿದವರು ಉತ್ತರ ಹೌದೆಂದಾದರೆ ಆ ಗಳಿಗೆಯಲ್ಲೇ ಜೊತೆಗೆ ನಿಲ್ಲಲು ಸಿದ್ಧರಿರಬೇಕು. ಅಳೆಯುವವರ ಹೊಣೆ ಅಲ್ಲಿಂದಲೇ ಶುರುವಾಗುತ್ತದೆ.

ಭಾಷೆಯ ಸಮಸ್ಯೆಯೂ ಇದೆ. ನಮ್ಮ ಹಳ್ಳಿಗಳಲ್ಲಿ ಖಿನ್ನತೆ ಎಂಬ ಮಾತನ್ನು ಹೇಳಿಕೊಂಡು ಬರುವವರು ಕಡಿಮೆ. ತಲೆಭಾರ, ಕೈಕಾಲು ಸೋಲು, ಎದೆ ಡವಡವ, ಮೈಯೆಲ್ಲ ಉರಿ ಎನ್ನುತ್ತಾರೆ. ಆರ್. ರಘುರಾಮ್, ಮಿಚೆಲ್ ವೈಸ್, ಎಸ್. ಎಂ. ಚನ್ನಬಸವಣ್ಣ ಮುಂತಾದವರು ಬೆಂಗಳೂರಿನ ರೋಗಿಗಳೊಂದಿಗೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ತೆರೆದಿಟ್ಟಿತು. ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ಕಳಂಕದ ಭಾವ ಹೆಚ್ಚು. ದೇಹದ ನೋವಾಗಿ ಹೇಳಿಕೊಂಡವರಲ್ಲಿ ಕಳಂಕದ ಭಾವ ಕಡಿಮೆ. ಮೈನೋವು ಯಾರಿಗಾದರೂ ಬರುವಂಥದ್ದು. ಅದನ್ನು ಹೇಳಿಕೊಂಡರೆ ಮಗಳ ಮದುವೆಯ ಮಾತು ಮುರಿದು ಬೀಳುವುದಿಲ್ಲ. ಆದ್ದರಿಂದ ಪ್ರಶ್ನಾವಳಿ ಕನ್ನಡ ಲಿಪಿಗೆ ಬಂದರೆ ಸಾಲದು. ಗುಬ್ಬಿಯ ಹೆಂಗಸು ತನ್ನ ಸಂಕಟ ಹೇಳಿಕೊಳ್ಳುವ ಮಾತು ಅದರೊಳಗಿರಬೇಕು. ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ನೂರಾರು ಕನ್ನಡ ಪುಸ್ತಕಗಳಲ್ಲಿ ಮನಸ್ಸಿನ ಕಾಯಿಲೆಗಳನ್ನು ಜನರ ಮಾತಿನಲ್ಲಿ ವಿವರಿಸಿದ್ದಾರೆ. ಆ ಭಾಷೆ ಪ್ರಶ್ನಾವಳಿಗೂ ಇಳಿದು ಬರಬೇಕು.

ಭ್ರಮೆ, ಸಂಶಯಗಳಿಂದ ನರಳುವವರ ಮಾತನ್ನು ನಂಬಬಹುದೇ ಎಂಬ ಪ್ರಶ್ನೆ ಏಳುತ್ತದೆ. ಕಾಯಿಲೆ ತೀವ್ರವಾಗಿರುವ ದಿನಗಳಲ್ಲಿ ಕಷ್ಟ, ನಿಜ. ಆದರೆ ವರ್ಷದ ಬಹುಪಾಲು ದಿನ ಅವರು ತಮ್ಮ ನಿದ್ದೆ, ಒಂಟಿತನ, ದುಡ್ಡಿನ ತೊಂದರೆ, ಮಾತ್ರೆಯ ಅಡ್ಡಪರಿಣಾಮಗಳನ್ನು ಚೆನ್ನಾಗಿಯೇ ಹೇಳಬಲ್ಲರು. ಯೂರೋಪಿನಲ್ಲಿ ಸ್ಟೆಫಾನ್ ಪ್ರೀಬೆ ರೂಪಿಸಿದ ‘ಡಯಲಾಗ್’ ವಿಧಾನ ಈ ನಂಬಿಕೆಯ ಮೇಲೆ ನಿಂತಿದೆ. ಬದುಕಿನ ಎಂಟು ವಿಷಯ, ಚಿಕಿತ್ಸೆಯ ಮೂರು ವಿಷಯಗಳಲ್ಲಿ ಎಷ್ಟು ತೃಪ್ತಿಯಿದೆ, ಯಾವುದರಲ್ಲಿ ಹೆಚ್ಚಿನ ನೆರವು ಬೇಕು ಎಂದು ರೋಗಿಗೆ ಕೇಳಿ, ಆ ಭೇಟಿಯನ್ನು ಅದರ ಸುತ್ತಲೇ ನಡೆಸುವುದು. ಆರು ದೇಶಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದು ತೀವ್ರ ಕಾಯಿಲೆಯವರ ಜೀವನದ ಗುಣಮಟ್ಟವನ್ನು ಉತ್ತಮಪಡಿಸಿತು. ಇದರ ಮುಂದಿನ ರೂಪವನ್ನು ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಸಹಯೋಗದಲ್ಲಿ ಭಾರತದಲ್ಲೂ ಪರೀಕ್ಷಿಸಲಾಗಿದೆ.

ನಡೆಸಿಕೊಂಡ ಬಗೆ

ಅನುಭವದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕಾಗಿ ನಿಮ್ಹಾನ್ಸ್ ಸಿದ್ಧಪಡಿಸಿದ 1999ರ ವರದಿ ದೇಶದ ಮಾನಸಿಕ ಆಸ್ಪತ್ರೆಗಳೊಳಗಿನ ಬದುಕನ್ನು ಬೆಳಕಿಗೆ ತಂದಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಬೆಂಕಿಗೆ ಸಿಕ್ಕಿ 28 ಜನ ಸತ್ತರು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನೂ, ಅರಿವಳಿಕೆ ಇಲ್ಲದ ವಿದ್ಯುತ್ ಚಿಕಿತ್ಸೆಯನ್ನೂ ನಿಷೇಧಿಸಿತು. ಖಾಸಗಿತನ, ತನ್ನ ದಾಖಲೆ ನೋಡುವುದು, ಸೇವೆಯ ಕೊರತೆಯ ಬಗ್ಗೆ ದೂರು ಕೊಡುವುದು ರೋಗಿಯ ಹಕ್ಕುಗಳಾದವು. ಹಕ್ಕು ಕಾಗದದ ಮೇಲಿದ್ದರೆ ಸಾಲದು. ಅದು ಸಿಕ್ಕಿತೇ ಎಂದು ತಿಳಿಯಲು ಹಕ್ಕುದಾರರನ್ನೇ ಕೇಳಬೇಕು. ಅನುಭವದ ಮಾಪನಕ್ಕೆ ಕಾನೂನಿನ ಆಧಾರ ಇಲ್ಲಿದೆ.

ಇಂಗ್ಲೆಂಡಿನಲ್ಲಿ ಸಮುದಾಯ ಮಾನಸಿಕ ಆರೋಗ್ಯ ಸೇವೆ ಪಡೆದವರ ಸಮೀಕ್ಷೆ ನಿಯಮಿತವಾಗಿ ನಡೆದು ಫಲಿತಾಂಶ ಬಹಿರಂಗವಾಗುತ್ತದೆ. ಲಂಡನ್ನಿನಲ್ಲಿ ರೂಪುಗೊಂಡ ‘ವಾಯ್ಸ್’ ಪ್ರಶ್ನಾವಳಿಯಲ್ಲಿ ಯಾವ ಪ್ರಶ್ನೆ ಇರಬೇಕೆಂದು ತೀರ್ಮಾನಿಸುವಲ್ಲೇ ಒಮ್ಮೆ ರೋಗಿಗಳಾಗಿದ್ದವರು ಪಾಲ್ಗೊಂಡರು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ತೃಪ್ತಿಯ ಪ್ರಶ್ನೆ. ಬಿಟ್ಟಿ ಔಷಧಿ ಕೊಟ್ಟ ಆಸ್ಪತ್ರೆಯಲ್ಲಿ, ಮುಂದಿನ ತಿಂಗಳೂ ಬರಬೇಕಾದ ವೈದ್ಯರ ಎದುರಿಗೇ, ಸೇವೆ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಸಾರ್ ಎನ್ನದೆ ಯಾರು ಇನ್ನೇನು ಹೇಳಿಯಾರು? ಅದಕ್ಕೇ ಅನುಭವದ ಪ್ರಶ್ನೆಗಳು ನಡೆದದ್ದನ್ನು ಕೇಳಬೇಕು. ಎಷ್ಟು ಹೊತ್ತು ಕಾದಿರಿ? ಬಸ್ಸಿಗೆ, ಕೂಲಿ ತಪ್ಪಿದ್ದಕ್ಕೆ ಎಷ್ಟು ಹೋಯಿತು? ವೈದ್ಯರು ನಿಮ್ಮ ಜೊತೆ ಮಾತಾಡಿದರೋ, ಜೊತೆಗೆ ಬಂದವರ ಜೊತೆಯೋ? ಬೇರೆಯವರು ಕೇಳಿಸಿಕೊಳ್ಳದ ಜಾಗದಲ್ಲಿ ಮಾತಾಡಿದಿರಾ? ಮಾತ್ರೆಯಿಂದ ಏನೇನು ತೊಂದರೆಯಾಗಬಹುದೆಂದು ಹೇಳಿದರೇ? ಯಾರಾದರೂ ಗದರಿದರೇ?

ದೇವಸ್ಥಾನಗಳ ಕಡೆಗೂ ಇದೇ ಗಮನ ಬೇಕು. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇಗುಲದಲ್ಲಿ ತಂಗಿದ್ದ ತೀವ್ರ ಮಾನಸಿಕ ಕಾಯಿಲೆಯ 31 ಜನರನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು. ಸರಾಸರಿ ಆರು ವಾರಗಳ ವಾಸದಲ್ಲಿ ಅವರ ಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ಸರಪಳಿ ಇರಲಿಲ್ಲ, ವಿಶೇಷ ಪೂಜೆ ಮಂತ್ರಗಳೂ ಇರಲಿಲ್ಲ. ಮನೆಯವರ ಜೊತೆಗಿನ ವಾಸ, ಸಣ್ಣಪುಟ್ಟ ಕೆಲಸ, ನೆಮ್ಮದಿಯ ವಾತಾವರಣ ಇದ್ದವು. ಹೋಲಿಕೆಗೆ ಬೇರೊಂದು ಗುಂಪು ಇಲ್ಲದ ಈ ಚಿಕ್ಕ ಅಧ್ಯಯನ ಔಷಧಿ ಬೇಡವೆಂದು ಸಾಧಿಸುವುದಿಲ್ಲ. ಅಕ್ಕರೆಯ ಆಶ್ರಯಕ್ಕೂ ಫಲವಿದ್ದೀತು, ಅದನ್ನೂ ಅಳೆದು ನೋಡಬಹುದು ಎಂದು ಸೂಚಿಸುತ್ತದೆ. ದುರ್ಗದ ಮೆಟ್ಟಿಲು ಹತ್ತಿ ಬಂದವರನ್ನು ಮೂಢರೆಂದು ಹಳಿಯುವ ಬದಲು ಅಲ್ಲಿ ಏನು ಸಿಕ್ಕಿತೆಂದು ಕೇಳುವ ವೈದ್ಯರಿಗೆ ತಮ್ಮ ಕ್ಲಿನಿಕ್ಕಿನಲ್ಲಿ ಏನು ಸಿಗುತ್ತಿಲ್ಲ ಎಂಬುದೂ ತಿಳಿಯುತ್ತದೆ.

ಅಳೆದರೆ ಒಳಿತಾಗುತ್ತದೆಯೇ?

ಬರೀ ಫಾರಂ ತುಂಬಿಸಿದರೆ ಆಗುವುದಿಲ್ಲ ಎಂಬುದು ಪ್ರಾಮಾಣಿಕ ಉತ್ತರ. ಖಿನ್ನತೆ, ಆತಂಕಗಳ ಚಿಕಿತ್ಸೆಯಲ್ಲಿ ಇಂಥ ಪ್ರಶ್ನಾವಳಿಗಳ ನಿಯಮಿತ ಬಳಕೆಯನ್ನು ಪರಿಶೀಲಿಸಿ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2016ರ ಕೊಕ್ರೇನ್ ಸಮೀಕ್ಷೆಗೆ ರೋಗಿಗಳ ಫಲಿತಾಂಶದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದೆಡೆ, ಆಪ್ತಸಲಹೆಯ ಕ್ಷೇತ್ರದಲ್ಲಿ ಮೈಕೆಲ್ ಲ್ಯಾಂಬರ್ಟ್ ಮತ್ತವರ ತಂಡದ ಅಧ್ಯಯನಗಳು ಹೇಳಿದ್ದೇನೆಂದರೆ, ಚೇತರಿಕೆಯ ದಾರಿ ತಪ್ಪುತ್ತಿರುವವರ ಅಂಕವನ್ನು ಚಿಕಿತ್ಸಕರಿಗೆ ಕೂಡಲೇ ತಿಳಿಸಿದಾಗ ಹದಗೆಡುವವರ ಸಂಖ್ಯೆ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಪಾಠ ಸ್ಪಷ್ಟ. ಉತ್ತರ ಅದನ್ನು ಕೊಟ್ಟವರ ಚಿಕಿತ್ಸೆಗೆ ಮರಳಿ ಬಂದರೆ ಮಾತ್ರ ಅಳತೆಗೆ ಅರ್ಥ. ಮೇಲಿನ ಕಚೇರಿಗೆ ಹೋಗಿ ಅಲ್ಲೇ ಉಳಿದರೆ ಅದು ಆಶಾ ಕಾರ್ಯಕರ್ತೆಯ ಹೆಗಲಿಗೆ ಇನ್ನೊಂದು ಹೊರೆಯಷ್ಟೆ.

ತುಮಕೂರು ಜಿಲ್ಲೆ ಈ ಕೆಲಸಕ್ಕೆ ತಕ್ಕ ಜಾಗ. ತುರುವೇಕೆರೆಯ ಅನುಭವ ಪಕ್ಕದಲ್ಲೇ ಇದೆ. ಒಬ್ಬ ಆಶಾ ಕಾರ್ಯಕರ್ತೆಯ ವ್ಯಾಪ್ತಿ ಸುಮಾರು ಸಾವಿರ ಜನ. ರಾಷ್ಟ್ರೀಯ ಸಮೀಕ್ಷೆಯ ಪ್ರಮಾಣ ಹಿಡಿದರೆ ಅವರಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರು ಹತ್ತಕ್ಕಿಂತ ಕಡಿಮೆ. ಇಷ್ಟು ಜನರನ್ನು ಒಬ್ಬೊಬ್ಬರಾಗಿ ಕೇಳುವುದು ಅಸಾಧ್ಯವೇನಲ್ಲ. ಆದರೆ ಅದೇ ಊರಿನ ಆಶಾಗೆ ಮನೆಯ ಗುಟ್ಟು ಹೇಳಲು ಹಿಂಜರಿಯುವವರಿರುತ್ತಾರೆ. ಸೇವೆಯ ಅನುಭವವನ್ನು ಸೇವೆ ಕೊಟ್ಟವರಲ್ಲದ, ಬೇರೆ ಊರಿನ ಒಬ್ಬರು ಕೇಳಬೇಕು. ಓದು ಬಾರದವರಿಗೆ ಬಾಯಿಮಾತಿನಲ್ಲಿ, ಹೆಂಗಸರಿಗೆ ಗಂಡ ಅತ್ತೆಯರಿಲ್ಲದ ಕಡೆ.

ಪ್ರಶ್ನೆಗಳು ಹತ್ತು ಮೀರಬೇಕಿಲ್ಲ. ಮೊದಲನೆಯದು ಮಾತ್ರ ರೋಗಿಯದೇ ಆಗಿರಲಿ: ನೀವು ಏನಾಗಬೇಕೆಂದು ಬಯಸುತ್ತೀರಿ? ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕ್ರಮಗಳಿಗೆಂದೇ ಕಿರೆಸುಕ್ ಮತ್ತು ಶೆರ್ಮನ್ 1968ರಲ್ಲಿ ಸೂಚಿಸಿದ ಗುರಿಸಾಧನೆಯ ಮಾಪನದ ತಿರುಳು ಇದೇ. ಪ್ರತಿಯೊಬ್ಬರ ಗುರಿಯನ್ನೂ ಮೊದಲೇ ಬರೆದಿಟ್ಟು, ಎಷ್ಟು ಈಡೇರಿತೆಂದು ಆಮೇಲೆ ನೋಡುವುದು. ಒಬ್ಬರಿಗೆ ರಾತ್ರಿ ನಿದ್ದೆ, ಒಬ್ಬರಿಗೆ ಕಾಯಿ ಸುಲಿಯುವ ಕೂಲಿ, ಇನ್ನೊಬ್ಬಳಿಗೆ ತವರಿನಿಂದ ಗಂಡನ ಮನೆಗೆ ಮರಳುವುದು ಅಥವಾ ಮರಳದೆಯೇ ಮರ್ಯಾದೆಯಿಂದ ಬದುಕುವುದು ಗುರಿಯಾಗಿರಬಹುದು. ಆ ಗುರಿ ಇ-ಮನಸ್ ದಾಖಲೆಯಲ್ಲೂ ರೋಗಿಯ ಕೈಯ ಚೀಟಿಯಲ್ಲೂ ಒಂದು ಸಾಲಾಗಿ ಬರಲಿ. ಮಂಗಳವಾರದ ವೈದ್ಯರು ಮಾತ್ರೆ ಬರೆಯುವ ಮುನ್ನ ಅದನ್ನು ಓದಲಿ. ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗಳನ್ನೂ ಮನೆಯವರನ್ನೂ ಕೂರಿಸಿಕೊಂಡು, ನೀವು ಹೇಳಿದ್ದರಲ್ಲಿ ಇದನ್ನು ಸರಿಪಡಿಸಿದ್ದೇವೆ, ಇದನ್ನು ಆಗಿಸಲು ಸಾಧ್ಯವಾಗಿಲ್ಲ ಎಂದು ಲೆಕ್ಕ ಒಪ್ಪಿಸಲಿ.

ರೋಗ ಯಾವುದೆಂದು ಹೇಳುವುದು ವೈದ್ಯರ ವಿದ್ಯೆ. ಗುಣವಾಯಿತೇ ಎಂದು ಹೇಳುವ ಮೊದಲ ಅಧಿಕಾರ ಕಾಯಿಲೆಯೊಡನೆ ಬದುಕುತ್ತಿರುವವರದು. ಕೋಟದಿಂದ ತುರುವೇಕೆರೆವರೆಗೆ ಕರ್ನಾಟಕದಲ್ಲಿ ದುಡಿದ ಸಂಶೋಧಕರು ಆ ಮಾತನ್ನು ಆಲಿಸುವ ವಿಧಾನಗಳನ್ನು ಕಟ್ಟಿಕೊಟ್ಟಿದ್ದಾರೆ. ಅವು ಸಂಶೋಧನೆಯ ಅವಧಿ ಮುಗಿದೊಡನೆ ಮುಗಿಯುವ ಬದಲು ಗುಬ್ಬಿ, ಕುಣಿಗಲ್‌ಗಳ ಸಾಮಾನ್ಯ ಕ್ಲಿನಿಕ್ಕುಗಳ ದಿನನಿತ್ಯದ ರೂಢಿಯಾಗಬೇಕು. ಅದಕ್ಕೆ ಬೇಕಾದದ್ದು ಹೊಸ ಕಟ್ಟಡವಲ್ಲ, ಪ್ರತಿ ರೋಗಿಗೆ ಇನ್ನೈದು ನಿಮಿಷ ಕೊಡುವ ತೀರ್ಮಾನ ಮತ್ತು ಆ ಐದು ನಿಮಿಷ ಸಾಧ್ಯವಾಗುವಷ್ಟು ಸಿಬ್ಬಂದಿ. ಎರಡನ್ನೂ ಸರ್ಕಾರದಿಂದ ಕೇಳಿ ಪಡೆಯುವುದು ರೋಗಿಗಳ ಮತ್ತು ಅವರ ಮನೆಯವರ ನ್ಯಾಯವಾದ ಹಕ್ಕು.